ಮುಂಗಾರು ಸಿಡಿಲು: ಒಂದೇ ಗೆರೆಯ ಮೇಲಿನ ಮೂರು ಬಿಂದುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಮಳೆಗೆ ಮರ್ಯಾದೆ ಹೆಚ್ಚು. ಅದು ಬರುವುದೇ ಕಡಿಮೆ. ಪಶ್ಚಿಮ ಘಟ್ಟದ ಮರೆಯಲ್ಲಿರುವ ಈ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. 1876-78ರ ಮಹಾಕ್ಷಾಮದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ತೀರಾ ನೊಂದ ಜಿಲ್ಲೆಗಳಲ್ಲೊಂದು. ಇಂಥ ನೆಲದ ರೈತ ಮಳೆಯನ್ನು ಹೆಸರಿಟ್ಟು ಕರೆಯುತ್ತಾನೆ. ಭರಣಿ, ಕೃತ್ತಿಕೆ, ರೋಹಿಣಿ ಎಂದು ಬೆರಳು ಮಡಿಚಿ ಎಣಿಸುತ್ತಾನೆ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ, ಭರತ ಹುಣ್ಣಿಮೆಯ ಹೊತ್ತಿಗೆ, ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರ್ಣಿಕದಲ್ಲಿ ನೆರೆದ ಜನಸಾಗರ ಮೊದಲು ಹುಡುಕುವುದು ಮಳೆ ಬೆಳೆಯ ಸುದ್ದಿಯನ್ನೇ.

ಆದರೆ ಇಲ್ಲಿನ ಮಳೆ ಸುಮ್ಮನೆ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಮತ್ತು ಹಿಂಗಾರಿನ ಆರಂಭದ ಮಳೆ ಎರಡೂ ಮಧ್ಯಾಹ್ನದ ಸೆಕೆಯನ್ನು ಹೊತ್ತುಕೊಂಡು, ಸಂಜೆಯ ಹೊತ್ತಿಗೆ ಗುಡುಗುತ್ತ ಬರುತ್ತವೆ. ಕನ್ನಡದಲ್ಲಿ ಈ ಒಂದೇ ಘಟನೆಗೆ ಮೂರು ಹೆಸರುಗಳಿವೆ: ಕಣ್ಣಿಗೆ ಕಂಡದ್ದು ಮಿಂಚು, ಕಿವಿಗೆ ಕೇಳಿದ್ದು ಗುಡುಗು, ನೆಲಕ್ಕೆ ಬಡಿದದ್ದು ಸಿಡಿಲು. ಮೂರನೆಯದೇ ಜೀವ ತೆಗೆಯುವಂಥದ್ದು. ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಮಿಕ್ಕಿ ಜನ ಸಿಡಿಲಿಗೆ ಬಲಿಯಾಗುತ್ತಾರೆ. ನೈಸರ್ಗಿಕ ವಿಕೋಪಗಳ ಸಾವಿನಲ್ಲಿ ಸಿಡಿಲಿನ ಪಾಲು ನೆರೆ, ಬಿರುಗಾಳಿಗಳನ್ನೂ ಮೀರಿಸುತ್ತದೆ. ಸತ್ತವರಲ್ಲಿ ಬಹುಪಾಲು ಹೊಲದಲ್ಲಿದ್ದವರು, ಕುರಿ ದನ ಕಾಯುತ್ತಿದ್ದವರು, ಮಳೆಗೆ ಅಂಜಿ ಮರದ ಬುಡ ಸೇರಿದವರು. ಬೇವು, ಹುಣಸೆ, ಜಾಲಿ ಮರಗಳು ದೂರದೂರಕ್ಕೆ ಒಂದೊಂದಾಗಿ ನಿಂತಿರುವ ಈ ಬಯಲು ಸೀಮೆಯಲ್ಲಿ ಬೇರೆ ಆಸರೆಯಾದರೂ ಎಲ್ಲಿದೆ?

ಆ ಕರಿಯ ಮೋಡದೊಳಗೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಸರಳ ಲೆಕ್ಕದಿಂದ. ಪಿಯುಸಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಪುಸ್ತಕದಲ್ಲಿ ಎದುರಾಗುವ ಲೆಕ್ಕವೇ ಅದು: ಒಂದು ಸರಳರೇಖೆಯ ಮೇಲೆ ಮೂರು ಬಿಂದು ಆವೇಶಗಳಿವೆ, ಪ್ರತಿಯೊಂದರ ಮೇಲಿನ ಬಲವನ್ನು ಕಂಡುಹಿಡಿಯಿರಿ. ಬಹುಪಾಲು ಹುಡುಗರು ಅದನ್ನು ಅಂಕಕ್ಕಾಗಿ ಬಿಡಿಸಿ ಮರೆಯುತ್ತಾರೆ. ಆ ರೇಖೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಅದೇ ಗುಡುಗುಮೋಡ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ಮಾತು. ಭೌತಶಾಸ್ತ್ರದ ಕನ್ನಡದಲ್ಲಿ ವಸ್ತುವಿನಲ್ಲಿ ಸೇರಿಕೊಂಡ ವಿದ್ಯುತ್ತಿಗೆ ‘ಆವೇಶ’ ಎಂಬ ಹೆಸರು ನಿಂತಿದೆ. ದೇವರು ಮೈಮೇಲೆ ಬರುವುದಕ್ಕೂ ಅದೇ ಪದ. ಪದವನ್ನು ಯಾರು ಆರಿಸಿದರೋ, ಮೈಲಾರದ ಕಡೆಯ ಓದುಗನಿಗಂತೂ ಅದು ಪರಕೀಯವೆನಿಸದು.

ಮೋಡದಲ್ಲಿರುವುದು ವಿದ್ಯುತ್ತೇ ಎಂದು ಸಾಬೀತಾದದ್ದು 1752ರಲ್ಲಿ. ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದ ಪ್ರಯೋಗವನ್ನು ಆ ವರ್ಷದ ಮೇ 10ರಂದು ಪ್ಯಾರಿಸ್ ಸಮೀಪದ ಮಾರ್ಲಿ ಎಂಬ ಹಳ್ಳಿಯಲ್ಲಿ ಮಾಡಿ ನೋಡಲಾಯಿತು. ಎತ್ತರಕ್ಕೆ ನಿಲ್ಲಿಸಿದ ಕಬ್ಬಿಣದ ಸರಳಿನಿಂದ ಕಿಡಿ ಹಾರಿತು. ಫ್ರಾಂಕ್ಲಿನ್‌ನ ಗಾಳಿಪಟದ ಕಥೆ ಎಲ್ಲರಿಗೂ ಗೊತ್ತು. ಮರುವರ್ಷ ಇದೇ ಬಗೆಯ ಪ್ರಯೋಗದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಿಚ್‌ಮನ್ ಪ್ರಾಣ ಕಳೆದುಕೊಂಡ. ಫ್ರಾಂಕ್ಲಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಲೆಯ ಮೇಲೆ ಹಾದುಹೋಗುವ ಮೋಡದ ಆವೇಶ ಧನವೋ ಋಣವೋ ಎಂದು ಪರೀಕ್ಷಿಸಿದ. ಹೆಚ್ಚಿನ ಸಲ ಋಣ, ಕೆಲವೊಮ್ಮೆ ಧನ ಎಂಬ ಉತ್ತರ ಬಂತು. ಈ ‘ಕೆಲವೊಮ್ಮೆ’ ಮುಂದೆ ನೂರೈವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳನ್ನು ಕಾಡಿತು.

ಲೆಕ್ಕ ಮಾಡಲು ನಿಯಮ ಬೇಕಿತ್ತು. ಅದನ್ನು ಕೊಟ್ಟವನು ಫ್ರಾನ್ಸಿನ ಸೈನ್ಯದ ಎಂಜಿನಿಯರ್ ಕೂಲಂಬ್. ಕೆರಿಬಿಯನ್ ದ್ವೀಪವೊಂದರಲ್ಲಿ ಕೋಟೆ ಕಟ್ಟಿಸಿ, ಆರೋಗ್ಯ ಕೆಡಿಸಿಕೊಂಡು ಮರಳಿದ್ದ ಆತ ತಂತಿಗಳು ತಿರುಚಿಕೊಳ್ಳುವ ಬಲವನ್ನು ಅಭ್ಯಾಸ ಮಾಡಿದ್ದ. ಕೂದಲಿನಷ್ಟು ಸಣ್ಣ ತಂತಿಗೆ ಒಂದು ಅಡ್ಡಕಡ್ಡಿ ತೂಗುಹಾಕಿ, ಅದರ ತುದಿಯ ಪುಟ್ಟ ಗುಂಡನ್ನು ಇನ್ನೊಂದು ಗುಂಡು ಎಷ್ಟು ದೂಡುತ್ತದೆ ಎಂದು ಅಳೆದ. 1785ರ ಅವನ ಪ್ರಬಂಧದಲ್ಲಿ ಇರುವುದು ಮೂರೇ ಮೂರು ಅಳತೆ. ಗುಂಡುಗಳ ನಡುವೆ 36 ಡಿಗ್ರಿ ಅಂತರವಿದ್ದಾಗ ತಂತಿಯ ತಿರುಚು 36. ಅಂತರ 18ಕ್ಕೆ ಇಳಿದಾಗ ತಿರುಚು 144. ಅಂತರ ಎಂಟೂವರೆಯಾದಾಗ 575ಕ್ಕಿಂತ ತುಸು ಹೆಚ್ಚು. ಅಂದರೆ ದೂರ ಅರ್ಧಕ್ಕಿಳಿದರೆ ಬಲ ನಾಲ್ಕು ಪಟ್ಟು, ಕಾಲುಭಾಗಕ್ಕೆ ಇಳಿದರೆ ಸುಮಾರು ಹದಿನಾರು ಪಟ್ಟು. 1990ರ ದಶಕದಲ್ಲಿ ಜರ್ಮನಿಯಲ್ಲಿ ಅದೇ ಉಪಕರಣವನ್ನು ಮತ್ತೆ ಕಟ್ಟಿ ನೋಡಿದಾಗ ಅಷ್ಟು ಅಚ್ಚುಕಟ್ಟಾದ ಅಂಕೆಗಳು ಸಿಗಲಿಲ್ಲ ಎಂಬುದು ಬೇರೆ ಸಂಗತಿ. ನಿಯಮದಲ್ಲಿ ಮಾತ್ರ ಹುಳುಕಿಲ್ಲ. ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಇದನ್ನು 1767ರಲ್ಲೇ ಊಹಿಸಿದ್ದ. ಕ್ಯಾವೆಂಡಿಶ್ ಪ್ರಯೋಗ ಮಾಡಿಯೂ ಪ್ರಕಟಿಸದೆ ಇಟ್ಟುಕೊಂಡಿದ್ದ. ಅವನ ಕಾಗದಪತ್ರ ಬೆಳಕಿಗೆ ಬಂದದ್ದು 1879ರಲ್ಲಿ.

ಇನ್ನು ಕಥೆ ಭಾರತಕ್ಕೆ ಬರುತ್ತದೆ. 1875ರಲ್ಲಿ ಆರಂಭವಾಗಿದ್ದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿಮ್ಲಾದಲ್ಲಿತ್ತು. ಬಳ್ಳಾರಿಯಂಥ ಒಣ ಜಿಲ್ಲೆಗಳ ಮಳೆಯ ಅಂಕಿಅಂಶಗಳೂ ಕೊನೆಗೆ ಹೋಗಿ ಸೇರುತ್ತಿದ್ದುದು ಈ ಇಲಾಖೆಯ ದಫ್ತರಕ್ಕೆ. 1906ರಲ್ಲಿ ಅಲ್ಲಿಗೆ ಜಾರ್ಜ್ ಸಿಂಪ್ಸನ್ ಎಂಬ ಯುವ ವಿಜ್ಞಾನಿ ಕೆಲಸಕ್ಕೆ ಬಂದ. ಮಳೆಗಾಲದ ಸಿಮ್ಲಾದಲ್ಲಿ ಗುಡುಗಿಗೆ ಬರವೇ? ಆತ ಮಳೆಹನಿಗಳನ್ನೇ ಪಾತ್ರೆಯಲ್ಲಿ ಹಿಡಿದು ಅವು ಹೊತ್ತು ತಂದ ಆವೇಶವನ್ನು ಅಳೆದ. ಧನ ಆವೇಶ ತರುವ ಮಳೆಯೇ ಹೆಚ್ಚು ಎಂದು ಕಂಡುಬಂತು. ಮೇಲೇರುವ ಗಾಳಿಯ ರಭಸಕ್ಕೆ ದೊಡ್ಡ ಹನಿ ಒಡೆದಾಗ ನೀರಿಗೆ ಧನ ಆವೇಶ, ಸುತ್ತಲ ಗಾಳಿಗೆ ಋಣ ಆವೇಶ ಸೇರುತ್ತದೆ. ಹಾಗಾಗಿ ಮೋಡದ ತಳ ಧನ, ಮೇಲ್ಭಾಗ ಋಣ ಎಂದು 1909ರಲ್ಲಿ ಸಾರಿದ. ಮುಂದೆ ಈತನೇ ಕ್ಯಾಪ್ಟನ್ ಸ್ಕಾಟ್‌ನ ದಕ್ಷಿಣ ಧ್ರುವ ಯಾತ್ರೆಗೆ ಹವಾಮಾನ ತಜ್ಞನಾಗಿ ಹೋದ, ಸಿಮ್ಲಾಕ್ಕೆ ಮರಳಿದ, 1920ರಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿಯ ಮುಖ್ಯಸ್ಥನಾದ.

ಎದುರಾಳಿ ಕೇಂಬ್ರಿಜ್‌ನಲ್ಲಿದ್ದ. ಸಿ.ಟಿ.ಆರ್. ವಿಲ್ಸನ್ ಸ್ಕಾಟ್ಲೆಂಡಿನವನು. 1895ರಲ್ಲಿ ಅಲ್ಲಿನ ಬೆಟ್ಟವೊಂದರ ಮೇಲೆ ನಿಂತಿದ್ದಾಗ ಇದ್ದಕ್ಕಿದ್ದಂತೆ ಅವನ ತಲೆಗೂದಲು ನಿಮಿರಿ ನಿಂತವು. ಆತ ಕೆಳಗೆ ಓಟ ಕಿತ್ತ. ಹಿಂದೆಯೇ ಸಿಡಿಲು ಬಡಿಯಿತು. ಆ ಅನುಭವವೇ ಅವನನ್ನು ಆಕಾಶದ ವಿದ್ಯುತ್ತಿನ ಕಡೆ ಎಳೆಯಿತು. ವಿಲ್ಸನ್ ಮಳೆಹನಿ ಹಿಡಿಯಲಿಲ್ಲ. ದೂರದ ಮೋಡದಲ್ಲಿ ಮಿಂಚು ಹೊಡೆದಾಗ ತನ್ನ ಕಾಲಬಳಿಯ ನೆಲದ ವಿದ್ಯುತ್ ಕ್ಷೇತ್ರ ಎಷ್ಟು ಬದಲಾಗುತ್ತದೆಂದು ಅಳೆದು, ಕೂಲಂಬ್ ನಿಯಮದಿಂದ ಹಿಂದಕ್ಕೆ ಲೆಕ್ಕ ಹಾಕಿದ. ಅವನ ಉತ್ತರ ಸಿಂಪ್ಸನ್‌ಗೆ ನೇರ ವಿರುದ್ಧ: ಮೇಲೆ ಧನ, ಕೆಳಗೆ ಋಣ.

ಇಬ್ಬರೂ ಸಾಮಾನ್ಯರಲ್ಲ. ವಿಲ್ಸನ್‌ಗೆ ಬೇರೊಂದು ಸಂಶೋಧನೆಗಾಗಿ 1927ರಲ್ಲಿ ನೊಬೆಲ್ ಬಂತು. ಜಗಳ ವರ್ಷಗಟ್ಟಲೆ ನಡೆಯಿತು. ನಮ್ಮ ದೇಶದಲ್ಲೂ ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಎಸ್.ಕೆ. ಬ್ಯಾನರ್ಜಿ 1930ರ ಸುಮಾರಿಗೆ ತಲೆಯ ಮೇಲೆ ಹಾದುಹೋಗುವ ಮೋಡಗಳ ಕ್ಷೇತ್ರವನ್ನು ಅಳೆಯುವ ಕೆಲಸದಲ್ಲಿ ತೊಡಗಿದ್ದರು. ಮುಂದೆ ಇಲಾಖೆಯ ಮಹಾನಿರ್ದೇಶಕರಾದ ಮೊದಲ ಭಾರತೀಯ ಅವರೇ.

ಜಗಳ ಬಗೆಹರಿಸಲು ಸಿಂಪ್ಸನ್ ಮೋಡದೊಳಕ್ಕೇ ಬಲೂನು ಬಿಟ್ಟ. ಸಹಾಯಕ ಸ್ಕ್ರೇಸ್ ಜೊತೆಗೂಡಿ ಲಂಡನ್ ಹತ್ತಿರದ ಕ್ಯೂನಿಂದ ಹಾರಿಸಿದ ಈ ಬಲೂನುಗಳಲ್ಲಿ ರಾಸಾಯನಿಕ ಸವರಿದ ಕಾಗದವಿತ್ತು. ವಿದ್ಯುತ್ ಯಾವ ದಿಕ್ಕಿಗೆ ಹರಿಯಿತೋ ಅದರ ಗುರುತು ಕಲೆಯಾಗಿ ಉಳಿಯುತ್ತಿತ್ತು. ನೆಲಕ್ಕೆ ಬಿದ್ದ ಕಾಗದಗಳನ್ನು ಓದಿ 1937ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಮೋಡದ ನೆತ್ತಿಯಲ್ಲಿ ಧನ, ನಡುವೆ ಋಣ, ಇದು ವಿಲ್ಸನ್ ಹೇಳಿದ್ದು. ಆದರೆ ತಳದಲ್ಲಿ ಮತ್ತೊಂದು ಸಣ್ಣ ಧನದ ಮುದ್ದೆ, ಇದು ಸಿಮ್ಲಾದ ಮಳೆಹನಿ ಹೇಳಿದ್ದು. ತನ್ನ ಸಿದ್ಧಾಂತದ ಬಹುಭಾಗವನ್ನು ಬಿಟ್ಟುಕೊಡಬೇಕಾದ ಫಲಿತಾಂಶವನ್ನು ಸ್ವತಃ ತಾನೇ ಪ್ರಕಟಿಸಿದ ಸಿಂಪ್ಸನ್‌ನ ನಡತೆ ವಿಜ್ಞಾನದಲ್ಲೂ ಅಪರೂಪದ್ದೇ.

ಒಂದು ಲಂಬರೇಖೆ, ಮೂರು ಬಿಂದು. ದಕ್ಷಿಣ ಆಫ್ರಿಕಾದ ಮಾಲನ್ 1960ರ ದಶಕದಲ್ಲಿ ಕೊಟ್ಟ ಅಂಕೆಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿವೆ: ನೆಲದಿಂದ 10 ಕಿಲೋಮೀಟರ್ ಎತ್ತರದಲ್ಲಿ ಧನ 40 ಕೂಲಂಬ್, 5 ಕಿ.ಮೀ.ನಲ್ಲಿ ಋಣ 40, 2 ಕಿ.ಮೀ.ನಲ್ಲಿ ಧನ 10. ನಿಜವಾದ ಮೋಡದಲ್ಲಿ ಆವೇಶ ಕಿಲೋಮೀಟರುಗಟ್ಟಲೆ ಹರಡಿರುತ್ತದೆ. ಉಷ್ಣವಲಯದಲ್ಲಿ ಋಣದ ಪದರ ಇನ್ನೂ ಸ್ವಲ್ಪ ಮೇಲಿರುತ್ತದೆ. ಲೆಕ್ಕಕ್ಕೆ ಬಿಂದುಗಳೆಂದೇ ಇಟ್ಟುಕೊಳ್ಳೋಣ. ಇಂಥದೊಂದು ಮೋಡ ಕೊಟ್ಟೂರಿನ ನೆತ್ತಿಯ ಮೇಲೆ ನಿಂತಿದೆ ಎನ್ನೋಣ.

ನಿಯಮ ಇಷ್ಟೇ: ಎರಡು ಆವೇಶಗಳನ್ನು ಕೂಲಂಬ್‌ನಲ್ಲಿ ಗುಣಿಸಿ, ನಡುವಿನ ದೂರವನ್ನು ಮೀಟರಿನಲ್ಲಿಟ್ಟು ಅದರ ವರ್ಗದಿಂದ ಭಾಗಿಸಿ, 900 ಕೋಟಿಯಿಂದ ಗುಣಿಸಿದರೆ ಬಲ ನ್ಯೂಟನ್‌ನಲ್ಲಿ ಬರುತ್ತದೆ. ನೆತ್ತಿಯ ಧನಕ್ಕೂ ನಡುವಿನ ಋಣಕ್ಕೂ 5 ಕಿ.ಮೀ. ಅಂತರ; ಅವುಗಳ ಸೆಳೆತ 5,76,000 ನ್ಯೂಟನ್, ಸುಮಾರು 59 ಟನ್ ಭಾರಕ್ಕೆ ಸಮ. ಹತ್ತು ಟನ್ ಹೊರುವ ಸಂಡೂರಿನ ಅದಿರು ಲಾರಿಗಳ ಆರು ಹೇರು ಎನ್ನಿ. ನಡುವಿನ ಋಣಕ್ಕೂ ತಳದ ಧನಕ್ಕೂ 3 ಕಿ.ಮೀ.; ಆವೇಶ ನಾಲ್ಕನೆಯ ಒಂದು ಪಾಲಾದರೂ ದೂರ ಕಡಿಮೆಯಾದ್ದರಿಂದ ಸೆಳೆತ 41 ಟನ್. ನೆತ್ತಿ ಮತ್ತು ತಳ ಎರಡೂ ಧನವಾದ್ದರಿಂದ ಪರಸ್ಪರ ದೂಡುತ್ತವೆ, 8 ಕಿ.ಮೀ. ಅಂತರದಲ್ಲಿ ಸುಮಾರು 6 ಟನ್ನಿನಷ್ಟು.

ಬಲಕ್ಕೆ ದಿಕ್ಕಿದೆ ಎಂಬುದನ್ನು ಮರೆತವರು ಇಲ್ಲಿ ಎಡವುತ್ತಾರೆ. ನಡುವಿನ ಋಣವನ್ನು ನೆತ್ತಿ ಮೇಲಕ್ಕೂ ತಳ ಕೆಳಕ್ಕೂ ಎಳೆಯುತ್ತದೆ. 59ರಲ್ಲಿ 41 ಕಳೆದು 18 ಟನ್ ಮೇಲ್ಮುಖ. ನೆತ್ತಿಯನ್ನು ನಡು ಕೆಳಕ್ಕೆ ಎಳೆದರೆ ತಳ ಮೇಲಕ್ಕೆ ದೂಡುತ್ತದೆ. ಉಳಿದದ್ದು 53 ಟನ್ ಕೆಳಮುಖ. ತಳದ ಮೇಲೆ 35 ಟನ್ ಮೇಲ್ಮುಖ. ಮೇಲ್ಮುಖದ 18 ಮತ್ತು 35 ಸೇರಿಸಿದರೆ 53, ಕೆಳಮುಖದ್ದೂ 53. ಮೂರೂ ಸೇರಿ ಸೊನ್ನೆ. ಮೋಡ ತನ್ನ ಜುಟ್ಟು ಹಿಡಿದು ತನ್ನನ್ನೇ ಎತ್ತಿಕೊಳ್ಳಲಾರದು ಎಂಬುದಕ್ಕೆ ನ್ಯೂಟನ್‌ನ ಮೂರನೆಯ ನಿಯಮದ ಸಾಕ್ಷಿ ಇದು. 59 ಟನ್ ದೊಡ್ಡದೆನಿಸಿದರೂ ಅಂಥ ಮೋಡದಲ್ಲಿರುವ ನೀರು ಲಕ್ಷಗಟ್ಟಲೆ ಟನ್. ಆದ್ದರಿಂದಲೇ ಧನ ಋಣಗಳು ಓಡಿಬಂದು ಕೂಡಿಕೊಳ್ಳುವುದಿಲ್ಲ. ಕಾದ ನೆಲದಿಂದ ಮೇಲೇರುವ ಗಾಳಿ ಅವನ್ನು ಬೇರೆಬೇರೆಯಾಗಿಯೇ ಹಿಡಿದಿರುತ್ತದೆ.

ನೆಲವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ತೇವದ ನೆಲ ವಿದ್ಯುತ್ತಿಗೆ ಕನ್ನಡಿಯಿದ್ದಂತೆ. 1840ರ ದಶಕದಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ತೋರಿಸಿಕೊಟ್ಟ ಉಪಾಯ ಇದು: ಮೇಲೆ 10 ಕಿ.ಮೀ.ನಲ್ಲಿ ಧನವಿದ್ದರೆ ನೆಲದೊಳಗೆ 10 ಕಿ.ಮೀ. ಆಳದಲ್ಲಿ ಅಷ್ಟೇ ಋಣವಿದೆ ಎಂದು ಭಾವಿಸಿ ಲೆಕ್ಕ ಮಾಡಿದರೆ ನೆಲದ ಮೇಲಿನ ಉತ್ತರ ಸರಿಬರುತ್ತದೆ. ಹೀಗೆ ಮೂರು ಬಿಂದುಗಳು ಆರಾಗುತ್ತವೆ, ಒಂದೇ ಗೆರೆಯ ಮೇಲೆ.

ಈಗ ಕೊಟ್ಟೂರಿನ ತೇರುಬೀದಿಯಲ್ಲಿ ನಿಂತು ನೋಡಿದರೆ ತಳದ ಸಣ್ಣ ಧನವೇ ಹತ್ತಿರವಾದ್ದರಿಂದ ಅದರದೇ ಮೇಲುಗೈ. ಕ್ಷೇತ್ರ ಕೆಳಮುಖ, ಲೆಕ್ಕದ ಪ್ರಕಾರ ಮೀಟರಿಗೆ 23,400 ವೋಲ್ಟ್. ಬಿಸಿಲಿನ ದಿನ ಅದು 100 ವೋಲ್ಟ್ ಅಷ್ಟೇ. ಊರಿನಿಂದ 5 ಕಿ.ಮೀ. ಹೊರಗೆ ಹೊಲದಲ್ಲಿ ನಿಂತರೆ ನಡುವಿನ ಋಣ ಗೆಲ್ಲುತ್ತದೆ. ಕ್ಷೇತ್ರ ತಿರುಗಿ ಮೇಲ್ಮುಖವಾಗುತ್ತದೆ, ಸುಮಾರು 2,700. ಇನ್ನೂ ದೂರ ಹೋಗಿ, ಸುಮಾರು 20 ಕಿ.ಮೀ. ಆಚೆಯ ಕೂಡ್ಲಿಗಿಯಿಂದ ನೋಡಿದರೆ ಎತ್ತರದಲ್ಲಿರುವ ನೆತ್ತಿಯ ಧನ ಮತ್ತೆ ಮೇಲುಗೈ ಪಡೆದು ಕ್ಷೇತ್ರ ಕೆಳಮುಖ, 300ಕ್ಕಿಂತ ತುಸು ಕಡಿಮೆ. ಒಂದೇ ಮೋಡ, ಒಂದೇ ಕ್ಷಣ. ಮೂರು ಊರಿನವರು ಅಳೆದರೆ ಮೂರು ಉತ್ತರ. ಮೋಡದಡಿಯಲ್ಲಿ ಹನಿ ಹಿಡಿದ ಸಿಂಪ್ಸನ್‌ಗೂ ದೂರದಿಂದ ಅಳೆದ ವಿಲ್ಸನ್‌ಗೂ ತಾಳೆಯಾಗದಿದ್ದುದರಲ್ಲಿ, ಫ್ರಾಂಕ್ಲಿನ್‌ನ ‘ಕೆಲವೊಮ್ಮೆ’ಯಲ್ಲಿ ಆಶ್ಚರ್ಯವೇನೂ ಇಲ್ಲ.

ವಾಸ್ತವವಾಗಿ ಮೋಡದಡಿಯಲ್ಲಿ ಅಳೆದರೆ 23,000 ಸಿಗುವುದಿಲ್ಲ. 10,000 ದಾಟುವುದೇ ಅಪರೂಪ. ಕಾರಣ ಕುತೂಹಲಕರ. ಹುಲ್ಲಿನ ತುದಿ, ಜಾಲಿಯ ಮುಳ್ಳು, ಜೋಳದ ಗರಿ, ಚೂಪಾದ ಎಲ್ಲದರಿಂದಲೂ ಆವೇಶ ಸದ್ದಿಲ್ಲದೆ ಗಾಳಿಗೆ ಸೋರುತ್ತದೆ. ಹಾಗೆ ಸೋರಿದ್ದು ನೆಲಕ್ಕೂ ಮೋಡಕ್ಕೂ ನಡುವೆ ತೆಳ್ಳಗಿನ ಮರೆ ಕಟ್ಟುತ್ತದೆ. ವಿಲ್ಸನ್‌ನ ತಲೆಗೂದಲು ನಿಮಿರಿದ್ದೂ ಇದೇ ಎಳೆತಕ್ಕೆ. ಕುರಿಗಾಹಿಯ ಮೈರೋಮ ನಿಂತರೆ, ಚರ್ಮ ಜುಮ್ಮೆಂದರೆ, ಅವನು ನಿಂತ ಜಾಗದಿಂದ ಮೇಲಕ್ಕೆ ಕಿಡಿ ಏಳಲು ತಯಾರಾಗಿದೆ ಎಂದೇ ಅರ್ಥ. ಸಿಡಿಲು ಪೂರ್ತಿ ಮೇಲಿನಿಂದಲೇ ಬೀಳುವುದಿಲ್ಲ. ಮೋಡದಿಂದ ಕವಲೊಡೆಯುತ್ತ ಇಳಿದುಬರುವ ಋಣದ ಎಳೆ ಹತ್ತಿರವಾದಾಗ ಎತ್ತರದ ವಸ್ತುಗಳಿಂದ ಧನದ ಎಳೆಗಳು ಎದ್ದುನಿಲ್ಲುತ್ತವೆ. ಯಾವುದು ಮೊದಲು ಸಂಧಿಸುತ್ತದೋ ಅದೇ ದಾರಿ. ದೂರ ಕಡಿಮೆಯಾದಷ್ಟೂ ಬಲ ವರ್ಗದ ಲೆಕ್ಕದಲ್ಲಿ ಏರುವುದರಿಂದ ಬಯಲಿನ ಒಂಟಿ ಮರಕ್ಕೆ, ಮರವಿಲ್ಲದಲ್ಲಿ ನಿಂತ ಮನುಷ್ಯನಿಗೆ ಈ ಸರದಿ ಬೇಗ ಬರುತ್ತದೆ. ಮರಕ್ಕೆ ಬಡಿದದ್ದು ಬುಡದಲ್ಲಿ ನಿಂತವನ ಮೈಗೆ ಅಡ್ಡಹಾರುತ್ತದೆ, ಹಸಿ ತೊಗಟೆಗಿಂತ ಮನುಷ್ಯನ ದೇಹದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಕಂಬಳಿ ಹೊದ್ದರೂ ಇದರಿಂದ ರಕ್ಷೆಯಿಲ್ಲ.

ದನ ಸತ್ತು ದನಗಾಹಿ ಬದುಕಿದ ಸುದ್ದಿ ಆಗಾಗ ಬರುತ್ತದೆ. ಅದನ್ನು ಪವಾಡವೆಂದು ಕರೆಯುವುದುಂಟು. ನೆಲಕ್ಕಿಳಿದ ವಿದ್ಯುತ್ ಸುತ್ತಲೂ ಹರಡುವಾಗ ಹೆಜ್ಜೆಹೆಜ್ಜೆಗೂ ವೋಲ್ಟೇಜ್ ಬೇರೆ. ಎತ್ತಿನ ಮುಂಗಾಲು ಹಿಂಗಾಲುಗಳ ನಡುವೆ ಐದಡಿ ಅಂತರ. ಆ ವ್ಯತ್ಯಾಸ ಅದರ ಎದೆಯ ಮೂಲಕವೇ ಹಾಯುತ್ತದೆ. ಪಾದ ಜೋಡಿಸಿ ನಿಂತ ಮನುಷ್ಯನಿಗೆ ಆ ಅಂತರವಿಲ್ಲ. ತಪ್ಪಿಸಿಕೊಳ್ಳಲು ಜಾಗವೇ ಇಲ್ಲದಾಗ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ನೆಲಕ್ಕೆ ಒರಗಬಾರದು ಎನ್ನುವುದು ಇದಕ್ಕಾಗಿಯೇ. ಅದಕ್ಕಿಂತ ಒಳ್ಳೆಯದು ಪಕ್ಕಾ ಮನೆ ಅಥವಾ ಲೋಹದ ಚಾವಣಿಯ ಮುಚ್ಚಿದ ವಾಹನ. ಇನ್ನೊಂದು ತಪ್ಪು ತಿಳಿವಳಿಕೆ ಜೀವಗಳನ್ನೇ ಕಳೆದಿದೆ: ಸಿಡಿಲು ಬಡಿದವನನ್ನು ಮುಟ್ಟಿದರೆ ಷಾಕ್ ಹೊಡೆಯುತ್ತದೆ ಎಂಬುದು. ಅವನ ಮೈಯಲ್ಲಿ ಆವೇಶ ಉಳಿದಿರುವುದಿಲ್ಲ. ನಿಂತ ಹೃದಯವನ್ನು ಆಗಲೇ ಎದೆ ಒತ್ತಿ ನಡೆಸಿದರೆ ಎಷ್ಟೋ ಸಲ ಅದು ಮತ್ತೆ ಮಿಡಿಯುತ್ತದೆ.

ಗುಡುಗಿದಾಗ ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಹೆಸರು ಹೇಳುವ ಹಿರಿಯರು ಈಗಲೂ ಇದ್ದಾರೆ. ಮಿಂಚು ಕಂಡಾಗಲೇ ಆರಂಭಿಸಿ ಸೆಕೆಂಡಿಗೊಂದರಂತೆ ಹೇಳಿದರೆ ಅದೂ ಒಂದು ಅಳತೆಗೋಲು. ಸದ್ದು ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡು ಬೇಕು. ಹತ್ತು ಹೆಸರು ಮುಗಿಯುವ ಹೊತ್ತಿಗೆ ಗುಡುಗು ಕೇಳಿದರೆ ಸಿಡಿಲು ಮೂರು ಕಿ.ಮೀ. ಆಚೆ, ಅಂದರೆ ತೀರಾ ಹತ್ತಿರ. ಮೂವತ್ತು ಸೆಕೆಂಡಿನೊಳಗೆ ಸದ್ದು ಬಂದರೆ ಒಳಗೆ ಹೋಗಬೇಕೆಂದು ಇಂದಿನ ಸೂಚನೆ. ಮಳೆ ಇನ್ನೂ ಬೀಳುತ್ತಿಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ‘ಸಿಡಿಲು’ ಎಂಬ ಮೊಬೈಲ್ ಆ್ಯಪ್‌ ಹೊರತಂದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದು ‘ದಾಮಿನಿ’.

ಮೋಡದಲ್ಲಿ ಧನ ಋಣಗಳು ಬೇರೆಯಾಗುವುದು ಹೇಗೆ ಎಂಬುದಕ್ಕೂ ಈಗ ಬಹುಮಟ್ಟಿಗೆ ಒಪ್ಪಿತವಾದ ಉತ್ತರವಿದೆ. ನೆಲದಲ್ಲಿ 40 ಡಿಗ್ರಿ ಕಾವಿದ್ದರೂ ಮೋಡದ ಮೇಲರ್ಧ ಮಂಜುಗಡ್ಡೆ. ಅಲ್ಲಿ ಮೆತ್ತನೆಯ ಆಲಿಕಲ್ಲು ಹರಳುಗಳಿಗೆ ಡಿಕ್ಕಿ ಹೊಡೆದು ತಾನು ಋಣವಾಗಿ ಕೆಳಗೆ ಉಳಿಯುತ್ತದೆ, ಹಗುರ ಹರಳು ಧನವಾಗಿ ಗಾಳಿಯೊಡನೆ ನೆತ್ತಿಗೇರುತ್ತದೆ. ಬಗೆಹರಿಯದಿರುವುದು ಬೇರೊಂದು. ಒಣಗಾಳಿಯನ್ನು ಸೀಳಿ ಕಿಡಿ ಹಾರಿಸಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಮೋಡದೊಳಗೆ ಅಳೆದು ಸಿಕ್ಕಿದ್ದು ಸಾಮಾನ್ಯವಾಗಿ ಅದರ ಹತ್ತನೆಯ ಒಂದು ಪಾಲು. ಮೊದಲ ಕಿಡಿ ಹೊತ್ತುವುದು ಹೇಗೆ? ಬಲವಾದ ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ತಡೆಯಿಲ್ಲದೆ ಓಟ ಕೀಳಬಹುದು ಎಂದು 1925ರಲ್ಲಿ ಬರೆದವನೂ ವಿಲ್ಸನ್ನೇ. ಮೋಡದ ಎರಡು ತುದಿಗಳ ನಡುವೆ ನೂರು ಕೋಟಿ ವೋಲ್ಟ್ ಇರಬಹುದು ಎಂದೂ ಆತ ಅಂದಾಜು ಮಾಡಿದ್ದ. ನಂಬುವವರು ಕಡಿಮೆಯಿದ್ದರು. 2014ರ ಡಿಸೆಂಬರ್ 1ರಂದು ಊಟಿಯ ಗ್ರೇಪ್ಸ್-3 ಕಾಸ್ಮಿಕ್ ಕಿರಣ ವೀಕ್ಷಣಾಲಯದ ಮೇಲೆ ಒಂದು ಗುಡುಗುಮೋಡ ಹಾದುಹೋಯಿತು. ಆಗ ಆಕಾಶದಿಂದ ಬರುವ ಮ್ಯೂಆನ್ ಕಣಗಳ ಎಣಿಕೆಯಲ್ಲಿ ಆದ ಇಳಿತದಿಂದ ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದ ಉತ್ತರ 130 ಕೋಟಿ ವೋಲ್ಟ್.